ಎರಡು ದಿನದ ಫ್ಲಾರೆನ್ಸ್: ಗುಮ್ಮಟದ ಟಿಕೆಟ್‌ನಿಂದ ಶುರುಮಾಡಿ

ಅಪ್ಪ-ಅಮ್ಮನ ಜೊತೆ ಎರಡು ದಿನ ಫ್ಲಾರೆನ್ಸ್‌ನಲ್ಲಿ ಇರುತ್ತೀರಿ, ಏನೇನು ಮುಂಚೆಯೇ ಬುಕ್ ಮಾಡಬೇಕು ಎಂದು ಕೇಳಿದ್ದೀರಿ. ಮೂರೇ ಮೂರು: ಕೆಥೆಡ್ರಲ್‌ನ ಗುಮ್ಮಟ, ಉಫಿಜಿ ಗ್ಯಾಲರಿ, ಮೈಕೆಲ್ಯಾಂಜೆಲೊನ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ ಮ್ಯೂಸಿಯಂ. ಉಳಿದದ್ದೆಲ್ಲ ನಡೆಯುತ್ತಾ ನೋಡುವ ಊರು.

ದಿನ ಗೊತ್ತುಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಸೋಮವಾರ ಉಫಿಜಿಯೂ ಅಕಾಡೆಮಿಯಾವೂ ಮುಚ್ಚಿರುತ್ತವೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಆ ಕಾರಣಕ್ಕೇ ಸಾಲು ವಿಪರೀತ. ಎರಡೇ ದಿನ ಇರುವವರು ಅವತ್ತು ಹೋಗಬಾರದು.

ಮೊದಲು ಗುಮ್ಮಟದ ಸಮಯ ಹಿಡಿಯಿರಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಅದಕ್ಕೆ ಬೇಕಾದದ್ದು ಗುಮ್ಮಟ ಕಟ್ಟಿದವನ ಹೆಸರಿನ ಟಿಕೆಟ್, ಬ್ರುನೆಲ್ಲೆಸ್ಕಿ ಪಾಸ್. ಕೆಥೆಡ್ರಲ್‌ನ ಅಧಿಕೃತ ಸೈಟಿನಲ್ಲೇ ತೆಗೆದುಕೊಳ್ಳಿ, ಮಧ್ಯವರ್ತಿಗಳು ಹೆಚ್ಚು ಹಣ ಕೇಳುತ್ತಾರೆ. ಸ್ಲಾಟ್ ಆರಿಸಿದ ಮೇಲೆ ಬದಲಾಯಿಸಲು ಬರುವುದಿಲ್ಲ, ತಡವಾದರೆ ಒಳಗೆ ಬಿಡುವುದಿಲ್ಲ. ಹಾಗಾಗಿ ರೋಮ್‌ನಿಂದ ರೈಲಿಳಿಯುವ ದಿನದ ಬೆಳಗಿನ ಸ್ಲಾಟ್ ಬೇಡ. ಬೆನ್ನಚೀಲವನ್ನು ಮೊದಲೇ ಲಗೇಜ್ ಕೌಂಟರಿನಲ್ಲಿ ಇಡಬೇಕು, ಅದಕ್ಕೂ ಸಮಯ ಬಿಟ್ಟುಕೊಳ್ಳಿ.

ಒಟ್ಟು 463 ಮೆಟ್ಟಿಲು, ಲಿಫ್ಟ್ ಇಲ್ಲ. ದಾರಿ ಇಕ್ಕಟ್ಟು, ಮಧ್ಯದಲ್ಲಿ ಸಾಕಾಯಿತು ಎಂದು ಹಿಂದಿರುಗುವುದು ಕಷ್ಟ. ಮಂಡಿನೋವು, ಎದೆಯ ತೊಂದರೆ ಇದ್ದವರನ್ನು ಖಂಡಿತ ಹತ್ತಿಸಬೇಡಿ. ಅವರಿಗೆ ಕಡಿಮೆ ಬೆಲೆಯ ಗಿಬರ್ಟಿ ಪಾಸ್ ಸಾಕು. ಅದರಲ್ಲಿ ಬ್ಯಾಪ್ಟಿಸ್ಟರಿಯ (ಕೆಥೆಡ್ರಲ್ ಎದುರಿನ, ದೀಕ್ಷಾಸ್ನಾನಕ್ಕೆಂದು ಕಟ್ಟಿದ ಕಟ್ಟಡ) ಜೊತೆಗೆ ಕೆಥೆಡ್ರಲ್ ಹಿಂದಿನ ಮ್ಯೂಸಿಯಂ ಕೂಡ ಸೇರಿದೆ. ಶಿಲ್ಪಿ ಗಿಬರ್ಟಿ 1425ರಿಂದ 1452ರವರೆಗೆ ಮಾಡಿದ ಚಿನ್ನದ ಲೇಪದ ಕಂಚಿನ ಬಾಗಿಲು ಇರುವುದು ಈ ಮ್ಯೂಸಿಯಂನಲ್ಲಿ. ಬ್ಯಾಪ್ಟಿಸ್ಟರಿಯ ಮುಂದೆ ಜನ ಮುತ್ತಿಕೊಂಡು ಫೋಟೋ ತೆಗೆಯುವುದು ಅದರ ಪ್ರತಿಯನ್ನು.

ಹತ್ತುವವರು ಮೇಲಿನ ನೋಟಕ್ಕಾಗಿ ಓಡಬೇಡಿ. ಈ ಗುಮ್ಮಟ ಒಂದರೊಳಗೊಂದು ಎರಡು ಕವಚ, ಮೆಟ್ಟಿಲು ಹೋಗುವುದು ಅವುಗಳ ನಡುವೆ. 1420ರಲ್ಲಿ ಕಟ್ಟಲು ಶುರುಮಾಡಿದಾಗ ಇಷ್ಟು ಅಗಲಕ್ಕೆ ನೆಲದಿಂದ ಮರದ ಆಸರೆ ಕೊಡುವುದು ಆಗದ ಮಾತಾಗಿತ್ತು. ಬ್ರುನೆಲ್ಲೆಸ್ಕಿ ಆಸರೆಯಿಲ್ಲದೆಯೇ 1436ರ ಹೊತ್ತಿಗೆ ಮುಗಿಸಿದ. ಹೇಗೆಂಬುದು ನಿಮ್ಮ ಪಕ್ಕದ ಗೋಡೆಯಲ್ಲೇ ಇದೆ: ಮಲಗಿಸಿದ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ನಿಲ್ಲಿಸಿದ ಇಟ್ಟಿಗೆಗಳು ಓರೆಯಾಗಿ ಮೇಲೇರುತ್ತವೆ. ಗಾರೆ ಗಟ್ಟಿಯಾಗುವವರೆಗೆ ಹೊಸ ಸಾಲು ಒಳಗೆ ಜಾರದಂತೆ ಕಚ್ಚಿ ಹಿಡಿದದ್ದು ಅವೇ. ಇದು ಕೆಳಗಿನಿಂದ ಎಷ್ಟು ನೋಡಿದರೂ ಕಾಣುವುದಿಲ್ಲ, ಹತ್ತಲೇಬೇಕು ಎನ್ನುವುದು ಇದಕ್ಕಾಗಿ.

ಉಫಿಜಿಗೆ ಮರುದಿನ ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ. ನೋಡುವುದು ಮೇಲಿನ ಮಹಡಿಯಿಂದ ಆರಂಭ. ನೇರವಾಗಿ ಚಿತ್ರಕಾರ ಬೊಟಿಚೆಲ್ಲಿಯ ಕೋಣೆಗಳಿಗೆ ಹೋಗಿ, ಗುಂಪುಗಳು ಬಂದ ಮೇಲೆ 'ವೀನಸ್‌ನ ಜನನ'ದ ಮುಂದೆ ನಿಲ್ಲಲು ಜಾಗ ಸಿಗುವುದಿಲ್ಲ. ಡೇವಿಡ್‌ಗೆ ಮಧ್ಯಾಹ್ನ ಒಂದು ತಾಸು ಸಾಕು. ಊರಿನ ಸಿನ್ಯೋರಿಯಾ ಚೌಕದಲ್ಲಿ ನಿಂತಿರುವುದು ನಕಲು. ಮೂಲ ಶಿಲ್ಪವನ್ನು 1873ರಲ್ಲೇ ಅಕಾಡೆಮಿಯಾಗೆ ಸಾಗಿಸಿದರು.

ಚರ್ಚುಗಳಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬೇಸಿಗೆಯಾದರೆ ಒಂದು ಶಾಲು ಇಟ್ಟುಕೊಳ್ಳಿ. ಬಾಡಿಗೆ ಕಾರಿನಲ್ಲಿ ಹಳೆಯ ಊರಿನೊಳಗೆ ನುಗ್ಗಬೇಡಿ. ಅದು ನಿರ್ಬಂಧಿತ ವಲಯ, ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ನೋಟಿಸ್ ತಿಂಗಳುಗಳ ನಂತರ ಮನೆಗೆ ಬರುತ್ತದೆ. ರೈಲಿನಲ್ಲಿ ಬರುವವರು ಟಿಕೆಟ್‌ನಲ್ಲಿ 'ಫಿರೆಂಜೆ ಸಾಂತಾ ಮರಿಯಾ ನೊವೆಲ್ಲಾ' ಎಂದಿದೆಯೇ ನೋಡಿಕೊಳ್ಳಿ. ಕೆಲವು ರೈಲುಗಳು ಊರಿನ ಬೇರೆ ನಿಲ್ದಾಣಗಳಲ್ಲಷ್ಟೇ ನಿಲ್ಲುತ್ತವೆ.

ಸಸ್ಯಾಹಾರಿಗಳಾದರೆ 'ಪಾಪ್ಪಾ ಅಲ್ ಪೊಮೊದೋರೊ' ಕೇಳಿ, ಬ್ರೆಡ್ಡು-ಟೊಮೆಟೊದ ಗಟ್ಟಿ ಸೂಪು. ಮಾಂಸದ ಸಾರು ಹಾಕಿದ್ದಾರೆಯೇ ಎಂದು ವಿಚಾರಿಸಿಯೇ ಆರ್ಡರ್ ಮಾಡಿ. ಪಾಸ್ತಾದ ಮೇಲೆ ತುರಿಯುವ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಮ್ಮ ಕಟ್ಟುನಿಟ್ಟಾಗಿದ್ದರೆ ಚೀಸ್ ಬೇಡ ಎಂದು ಮೊದಲೇ ಹೇಳಿಬಿಡಿ.