ಮಂಗಳವಾರದ ಸುಸ್ತು

ವಿಜಯನಗರದ ಕಡೆಯವರು, ಮೂವತ್ತು ದಾಟಿದ ಗೃಹಿಣಿ. ವೈರಲ್ ಜ್ವರ ಬಂದು ಹೋದಮೇಲೆ ಎಂಟು ತಿಂಗಳಿಂದ ಸುಸ್ತು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್ ಎಲ್ಲ ನಾರ್ಮಲ್. ಹಾಗಾದರೆ ಮನಸ್ಸಿನದೇ ಇರಬೇಕು ಅಂತ ಡಾಕ್ಟರು ನನ್ನ ಬಳಿ ಆಪ್ತಸಲಹೆಗೆ ಕಳಿಸಿದ್ದರು. ಇಂಥ ಚೀಟಿ ಹಿಡಿದು ಬರುವವರು ಇವರೊಬ್ಬರೇ ಅಲ್ಲ.

ಮೂರನೇ ಭೇಟಿಗೆ ಗಂಡನೂ ಬಂದರು. "ಭಾನುವಾರ ನನ್ನ ತಂಗಿ ಮದುವೆ ಮೇಡಂ. ಇವಳೇ ನಿಂತು ಬಡಿಸಿದಳು, ಸೋಮವಾರವೂ ಚೆನ್ನಾಗೇ ಇದ್ದಳು. ಮಂಗಳವಾರ ಹಾಸಿಗೆ ಬಿಟ್ಟೇಳಲಿಲ್ಲ, ಲೈಟ್ ಹಾಕಿದರೂ ಆಗಲ್ಲ ಅಂತಾಳೆ. ಸುಸ್ತು ಅನ್ನೋದು ಒಂದು ದಿನ ರಜ ಹಾಕಿ ಬರುತ್ತಾ?"

ಬರುತ್ತದೆ. ನಾಟಕಕ್ಕೆ ಸಾಕ್ಷಿ ಅಂತ ಅವರು ತಂದದ್ದೇ ಕಾಯಿಲೆಯ ಗುರುತು. ಕ್ರಾನಿಕ್ ಫಟೀಗ್ ಸಿಂಡ್ರೋಮ್‌ನಲ್ಲಿ, ಅಂದರೆ ವಿಶ್ರಾಂತಿಗೂ ಬಗ್ಗದ ದೀರ್ಘಕಾಲದ ಸುಸ್ತಿನ ಕಾಯಿಲೆಯಲ್ಲಿ, ಶ್ರಮದ ಪೆಟ್ಟು ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬೀಳುತ್ತದೆ, ದಿನಗಟ್ಟಲೆ ಉಳಿಯುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಈ ಕುಸಿತವನ್ನು ಕಡ್ಡಾಯ ಲಕ್ಷಣವಾಗಿಸಿತು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಮದುವೆಗೆ ಹೋಗುವ ಮನಸ್ಸೇ ಇರುವುದಿಲ್ಲ; ಇವರು ಆಸೆಯಿಂದ ಹೋಗಿ ಆಮೇಲೆ ಬಡ್ಡಿ ಕಟ್ಟುತ್ತಾರೆ.

ಗಂಡನನ್ನಷ್ಟೇ ದೂರಿ ಪ್ರಯೋಜನವಿಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿ ಇಂಥದೇ ಕಾಯಿಲೆಯಿಂದ ಸಾಲುಸಾಲಾಗಿ ಹಾಸಿಗೆ ಹಿಡಿದರು; ಹದಿನೈದು ವರ್ಷದ ನಂತರ ಇಬ್ಬರು ಮನೋವೈದ್ಯರು ಹಳೇ ಕೇಸ್ ಶೀಟ್ ಓದಿ ಸಾಮೂಹಿಕ ಹಿಸ್ಟೀರಿಯಾ ಅಂದರು. ರೋಗಿಗಳಲ್ಲಿ ಹೆಂಗಸರೇ ಹೆಚ್ಚು ಅನ್ನೋದೂ ಅವರ ಒಂದು ವಾದ! ಈ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಏರಿಸಿ ಅಂತ 2007ರಲ್ಲಿ ಹೇಳಿದ್ದ, ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ, 2021ರಲ್ಲಿ ಅದನ್ನು ಕೈಬಿಟ್ಟಿತು. ಮಾತಿನ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಗದು, ಬದುಕಲು ಆಸರೆಯಷ್ಟೇ ಅಂತಲೂ ಹೇಳಿತು. ಆಪ್ತಸಲಹೆಗಾರರು ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಲಾಲ್‌ಬಾಗಿನಲ್ಲಿ ದಿನಕ್ಕೆ ಐದೈದು ನಿಮಿಷ ಏರಿಸುತ್ತಿದ್ದ ವಾಕಿಂಗ್ ನಿಲ್ಲಿಸಲು ಹೇಳಿದೆ. ವ್ಯಾಯಾಮ ಬೇಡ ಅನ್ನಲು ನೀವ್ಯಾರು ಅಂತ ಸಹೋದ್ಯೋಗಿಗಳು ಕೇಳುವುದುಂಟು. ಸುಸ್ತಾದವರಿಗೆಲ್ಲ ಹೇಳುತ್ತಿಲ್ಲ, ಹೀಗೆ ಕುಸಿಯುವವರಿಗೆ ಮಾತ್ರ. ರೋಗಕ್ಕೆ ಹೆಸರಿಡುವ ಕೆಲಸ ಫಿಜಿಷಿಯನ್‌ಗೆ ಬಿಟ್ಟೆ. ಮಲಗಿದ್ದಾಗಿನ ನಾಡಿ ಎಣಿಸಿ, 10 ನಿಮಿಷ ನಿಲ್ಲಿಸಿ ಮತ್ತೆ ಎಣಿಸಲು ಕೇಳಿ ಅಂದೆ. ನಿಮಿಷಕ್ಕೆ 30 ಬಡಿತ ಅಥವಾ ಹೆಚ್ಚು ಏರಿದರೆ ನಿಂತಾಗ ನಾಡಿ ಓಡುವ ತೊಂದರೆಯಿರಬಹುದು, ಅದಕ್ಕೇ ಬೇರೆ ಚಿಕಿತ್ಸೆಯಿದೆ.

ಮನೆಯಲ್ಲಿ: ಸ್ನಾನಕ್ಕೆ ಸ್ಟೂಲ್, ತರಕಾರಿ ಕೂತೇ ಹೆಚ್ಚುವುದು, ತಲೆಸ್ನಾನ ಮಾಡಿದ ದಿನ ಅಡುಗೆ ಬೇರೆಯವರದು. 20 ನಿಮಿಷ ಆರಾಮಾಗಿ ಆಗುವ ಕೆಲಸ 15ಕ್ಕೇ ನಿಲ್ಲಬೇಕು. ಎಲ್ಲರೂ ಎಡವುವುದು ಚೆನ್ನಾಗಿರುವ ದಿನದಲ್ಲಿ: ಬಾಕಿ ಬಟ್ಟೆಯೆಲ್ಲ ಅವತ್ತೇ ಒಗೆದುಬಿಡುತ್ತಾರೆ. ಒಂದು ನೋಟ್‌ಬುಕ್‌ನಲ್ಲಿ ಏನು, ಎಷ್ಟು ನಿಮಿಷ, ಮೂರನೇ ದಿನ ಹೇಗಿತ್ತು ಅಂತ ಬರೆಯಬೇಕು.

ಹೊರಡುವಾಗ ಗಂಡ, "ಮುಂದಿನ ತಿಂಗಳು ಗೃಹಪ್ರವೇಶ ಇದೆಯಲ್ಲ?" ಅಂದರು. ಒಂದು ಗಂಟೆ, ಕುರ್ಚಿಯಲ್ಲಿ, ಆಮೇಲಿನ ಎರಡು ದಿನ ಖಾಲಿ ಅಂದೆ.

"ಅಮ್ಮಂಗೆ ಏನ್ ಹೇಳ್ಲಿ?"

ನೋಟ್‌ಬುಕ್ ತೋರಿಸಿ ಅಂದೆ.