ನಿಮ್ಮ ಮನೆದೇವರು ಯಾವ ಊರಿನದು?

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರ: “ನನ್ನ ಅಜ್ಜನ ಅಜ್ಜ ದೊಡ್ಡ ಬರದಲ್ಲಿ ಒಂದು ಜೊತೆ ಎತ್ತು ಹೊಡೆದುಕೊಂಡು ಎಲ್ಲಿಂದಲೋ ಬಂದು ನಮ್ಮೂರಲ್ಲಿ ನೆಲೆ ನಿಂತನಂತೆ. ಹೆಸರೊಂದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಜನನ ದಾಖಲೆ ಸಿಗಲಿಲ್ಲ. 1881ರ ಜನಗಣತಿಯಲ್ಲಿ ಅವನ ಹೆಸರು ಹುಡುಕುವುದು ಹೇಗೆ? ಅವನು ಯಾವ ಊರಿನವನೆಂದು ತಿಳಿಯಲು ದಾರಿಯಿದೆಯೇ?”

ಸಂಪಾದಕರ ಉತ್ತರ:

ದಾರಿ ಇದೆ. ಆದರೆ ಗಣತಿಯ ಆಸೆ ಬಿಡಿ. ಮನೆಮನೆ ತಿರುಗಿ ಹೆಸರು ಬರೆದುಕೊಂಡ ಹಾಳೆಗಳನ್ನು ಲೆಕ್ಕ ಕೂಡಿಸಿದ ಮೇಲೆ ಯಾರೂ ಕಾಪಿಡಲಿಲ್ಲ. ಉಳಿದದ್ದು ಅಂಕಿ ಮಾತ್ರ. ಆದರೂ ಆ ಅಂಕಿಗಳನ್ನು ಒಮ್ಮೆ ನೋಡಿ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರ ಹೊತ್ತಿಗೆ 42 ಲಕ್ಷವೂ ಇರಲಿಲ್ಲ. ನಡುವೆ ಬಂದದ್ದು 1876–78ರ ಬರ, ಧಾತು ಮತ್ತು ಈಶ್ವರ ಸಂವತ್ಸರಗಳ ಬರ. ನಿಮ್ಮ ಮುತ್ತಾತನ ತಂದೆ ಎತ್ತುಗಳನ್ನು ಉಳಿಸಿಕೊಂಡು ಬಂದದ್ದು ಆ ಬರದಲ್ಲೇ ಆಗಿದ್ದರೆ, ಅದು ಸಣ್ಣ ಸಂಗತಿಯಲ್ಲ. ಜನನ ದಾಖಲೆ ಸಿಗದಿರುವುದೂ ಸಹಜವೇ. ದೇಶಕ್ಕೆಲ್ಲ ಒಂದೇ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ.

ಹೆಸರಿನ ಬೆನ್ನು ಹತ್ತಬೇಡಿ, ಹೊಲದ ಬೆನ್ನು ಹತ್ತಿ. ಮನುಷ್ಯ ಊರು ಬಿಟ್ಟು ಹೋಗುತ್ತಾನೆ, ಸರ್ವೆ ನಂಬರು ಹೋಗುವುದಿಲ್ಲ. ಇಂದಿನ ಪಹಣಿಯಿಂದ ಶುರುಮಾಡಿ. ಅದರ ಹಿಂದೆ ಮ್ಯುಟೇಷನ್ (ಹೊಲ ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ), ಅದರ ಹಿಂದೆ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರುವಾರು ಜಮೀನಿನ ಪಟ್ಟಿ). ಹೀಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ನಿಧಾನವಾಗಿ ಸಾಗಿತು. ನಿಮ್ಮೂರಿನ ಮೂಲ ಸರ್ವೆಯ ಟಿಪ್ಪಣಿ (ಹೊಲದ ಅಳತೆಯ ಹಾಳೆ), ಖೇತವಾರು ಪತ್ರಿಕೆ (ಹೊಲವಾರು ವಿವರದ ಪಟ್ಟಿ) ಇವುಗಳಿಗೆ ಅರ್ಜಿ ಹಾಕಿ ನಕಲು ಕೇಳಿ. ಅಲ್ಲಿ ‘ಇಂಥವ ಬಿನ್ ಇಂಥವ’ ಎಂಬ ಒಂದು ಸಾಲು ಸಿಕ್ಕಿತೆಂದರೆ ಅದೇ ದೊಡ್ಡ ನಿಧಿ. ‘ಬಿನ್’ ಎಂಬ ಎರಡಕ್ಷರದ ಆಚೆ ಇರುವುದು ಅವನ ತಂದೆಯ ಹೆಸರು. ಅಂದರೆ ನಿಮಗೆ ಗೊತ್ತೇ ಇರದ ಇನ್ನೊಂದು ತಲೆಮಾರು.

ಇಲ್ಲಿ ನಾನೇ ಎಡವಿದ ಒಂದು ಜಾಗವಿದೆ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ನನ್ನ ತಾಯಿಯ ಕಡೆಯ ವಂಶ ಹುಡುಕುವಾಗ ಒಂದೇ ಹೆಸರಿನ ಇಬ್ಬರನ್ನು ಒಬ್ಬನೇ ಎಂದುಕೊಂಡು ಎರಡು ತಲೆಮಾರನ್ನೇ ಕಳೆದುಕೊಂಡಿದ್ದೆ. ಸರಿಪಡಿಸಿದ್ದು ಒಂದು ಹಳೆಯ ಕ್ರಯಪತ್ರದಲ್ಲಿದ್ದ ಸಂವತ್ಸರದ ಹೆಸರು. ಸಂವತ್ಸರವೂ ನಂಬಿ ಕೆಡಿಸುವಂಥದೇ, ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಬರೀ ‘ಧಾತು’ ಎಂದಿದ್ದರೆ ಅದು 1816 ಆಗಬಹುದು, 1876 ಆಗಬಹುದು, 1936ರದ್ದೂ ಆಗಬಹುದು. ಪಕ್ಕದಲ್ಲಿ ಶಕವರ್ಷವಿದ್ದರೆ 78 ಕೂಡಿಸಿ. ಶಕ 1798 ಎಂದರೆ 1876–77. ಶಕವಿಲ್ಲದಿದ್ದರೆ ತಿಥಿ, ವಾರ ಎರಡನ್ನೂ ಹಳೆಯ ಪಂಚಾಂಗದೊಂದಿಗೆ ತಾಳೆ ನೋಡದೆ ಇಸವಿ ಬರೆದುಕೊಳ್ಳಬೇಡಿ.

ಇಷ್ಟೆಲ್ಲ ಆದಮೇಲೂ ಹೊಲದ ಕಾಗದ ನಿಮ್ಮನ್ನು ಅವನು ಈ ಊರಿಗೆ ಬಂದ ದಿನದವರೆಗೆ ಮಾತ್ರ ಕರೆದೊಯ್ಯುತ್ತದೆ. ಎಲ್ಲಿಂದ ಬಂದ ಎಂಬುದನ್ನು ಹೇಳುವುದಿಲ್ಲ. ನಿಮ್ಮ ನಿಜವಾದ ಪ್ರಶ್ನೆ ಅದೇ ಅಲ್ಲವೇ? ಅದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇರಬಹುದು. ನಿಮ್ಮ ಮನೆದೇವರು ಯಾವುದು, ಅದರ ಗುಡಿ ಎಲ್ಲಿದೆ? ಊರು ಬಿಟ್ಟವರು ಹೊಲ, ಮನೆ, ಬಾವಿ ಎಲ್ಲವನ್ನೂ ಬಿಟ್ಟು ಬಂದರೂ ದೇವರ ಒಕ್ಕಲುತನ ಬಿಡುವುದು ಅಪರೂಪ. ಪಕ್ಕದಲ್ಲೇ ಅದೇ ದೇವರ ಗುಡಿಯಿದ್ದರೂ ಮಗುವಿನ ಮುಡಿ ತೆಗೆಸಲು ಎರಡು ಮೂರು ತಾಲ್ಲೂಕು ದಾಟಿ ಹೋಗುವ ಮನೆತನಗಳಿವೆ. ಯಾಕೆ ಅಷ್ಟು ದೂರ ಎಂದರೆ ‘ಹಿಂದಿನಿಂದ ಬಂದದ್ದು’ ಎನ್ನುತ್ತಾರೆ. ಆ ‘ಹಿಂದಿನಿಂದ’ ಎಂಬ ಮಾತಿನಲ್ಲೇ ನಿಮ್ಮ ಹಿರಿಯನ ಊರು ಅಡಗಿರುವ ಸಂಭವ ಹೆಚ್ಚು. ಗುಡಿಯ ಪೂಜಾರಿಯನ್ನು ಕಂಡು ಆ ದೇವರಿಗೆ ಯಾವ ಯಾವ ಊರುಗಳ ಒಕ್ಕಲು ಬರುತ್ತಾರೆ ಎಂದು ಕೇಳಿ. ಆ ಊರುಗಳಲ್ಲಿ ನಿಮ್ಮದೇ ಬೆಡಗಿನವರು, ಅಂದರೆ ಕುಲದೊಳಗೆ ನಿಮ್ಮದೇ ಬಳಿಯವರು, ಇದ್ದಾರೆಯೇ ವಿಚಾರಿಸಿ.

ಹಾಗೆಯೇ, ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದು ಹಿರಿಯರನ್ನು ಕೇಳಿ. ಎತ್ತಿನ ಮೇಲೆ ಕೂತು ಬಂದು, ಅಂಗಳದಲ್ಲಿ ನಿಂತು ಮನೆತನದ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರು ಹೇಳಿ, ದವಸ ಪಡೆದು ಹೋಗುವವರು ಅವರು. ಎಲ್ಲ ಕುಲಗಳಿಗೂ ಹೆಳವರಿಲ್ಲ; ಇದ್ದವರಿಗೆ ಅವರ ಹೊತ್ತಿಗೆಗಿಂತ ದೊಡ್ಡ ದಾಖಲೆ ಇನ್ನೊಂದಿಲ್ಲ. ಹೊಗಳಿಕೆಯ ಭಾಗವನ್ನು ಪಕ್ಕಕ್ಕಿಟ್ಟು ಊರಿನ ಹೆಸರು, ಅಣ್ಣತಮ್ಮಂದಿರ ಹೆಸರುಗಳನ್ನು ಬರೆದುಕೊಳ್ಳಿ. ಖೇತವಾರಿನಲ್ಲಿ ‘ಬಿನ್’ ಆದಮೇಲೆ ಬಂದ ಹೆಸರು ಹೆಳವರ ಬಾಯಲ್ಲೂ ಬಂದರೆ ಆಗ ನಂಬಬಹುದು.

ಒಂದು ಮಾತು ನೋವಿನಿಂದಲೇ ಹೇಳಬೇಕು. ನಿಮ್ಮ ಪತ್ರದಲ್ಲಿ ಆ ಹಿರಿಯನ ಹೆಂಡತಿಯ ಸುದ್ದಿಯೇ ಇಲ್ಲ. ಕಂದಾಯದ ಕಾಗದದಲ್ಲೂ ಅವಳು ಕಾಣುವುದು ಹೆಚ್ಚಾಗಿ ಗಂಡ ಸತ್ತ ಮೇಲೆ, ‘ಇಂಥವಳು ಕೋಂ ಇಂಥವ’, ಅಂದರೆ ಇಂಥವನ ಹೆಂಡತಿ, ಎಂದು. ಆ ‘ಕೋಂ’ ಕಂಡಲ್ಲಿ ಪುಟ ಮಗುಚಬೇಡಿ. ಬರದಿಂದ ತಪ್ಪಿಸಿಕೊಂಡವರು ನೆಂಟರಿದ್ದ ಊರನ್ನು ಹುಡುಕಿಕೊಂಡು ಹೋಗುವುದು ಸಹಜ. ಅವನು ನಿಮ್ಮೂರನ್ನೇ ಆರಿಸಿಕೊಂಡದ್ದಕ್ಕೆ ಅವಳ ತವರು ಕಾರಣವಾಗಿರಬಹುದು.

ತಾಲ್ಲೂಕು ಕಚೇರಿ ಎಲ್ಲಿಗೂ ಓಡಿಹೋಗುವುದಿಲ್ಲ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಸೋದರತ್ತೆಯೋ ದೊಡ್ಡಮ್ಮನೋ ಇದ್ದರೆ ಈ ಭಾನುವಾರವೇ ಹೋಗಿ ಅವರ ಹತ್ತಿರ ಕೂತುಕೊಳ್ಳಿ. ವಂಶದ ಹೆಸರು ಕೇಳಬೇಡಿ, ‘ನಮ್ಮ ದೇವರಿಗೆ ನೀವು ಚಿಕ್ಕವರಿದ್ದಾಗ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ರಾತ್ರಿ ಯಾರ ಮನೆಯಲ್ಲಿ ಇಳಿಯುತ್ತಿದ್ದಿರಿ’ ಎಂದು ಕೇಳಿ. ಅವರು ಹೇಳಿದ ಊರುಗಳ ಹೆಸರನ್ನು ನನಗೂ ಬರೆದು ಕಳುಹಿಸಿ.