ಮೂವತ್ತು ವರ್ಷಗಳ ಹಿಂದೆ ಚೀನಾಕ್ಕೆ ಹೋಗಿದ್ದವರು ಇದ್ದೀರಾ? ಆಗಿನ ನಗರಗಳು ನಮ್ಮವಕ್ಕಿಂತ ಹಿಂದಿದ್ದವೇ?

ನಾನು ನೋಡಿದ್ದು ಶಾಂಘೈ ಒಂದನ್ನೇ, 1993ರ ಕೊನೆಯಲ್ಲಿ. ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಯಂತ್ರ ನೋಡಿಕೊಂಡು ಬರಲು ಹಾಂಗ್‌ಕಾಂಗ್ ಮೇಲಿಂದ ಹೋಗಿದ್ದೆ. ಇಕ್ಕಟ್ಟು, ಧೂಳು, ಬಸ್ಸಿನ ನೂಕುನುಗ್ಗಲು ನಮ್ಮಲ್ಲಿದ್ದಷ್ಟೇ ಅಲ್ಲೂ ಇತ್ತು. ಬೆಳಗ್ಗೆ ರಸ್ತೆ ತುಂಬ ಸೈಕಲ್ಲು. ವಿದೇಶಿಯರಿಗೆಂದೇ ಆಗಿನ್ನೂ ಬೇರೆ ನೋಟು ಚಲಾವಣೆಯಲ್ಲಿತ್ತು. ಊಟದ ಚಿಂತೆ ಮಾತ್ರ ತಪ್ಪಿತು: 1922ರಿಂದ ನಡೆಯುತ್ತಿದ್ದ ಗೊಂಗ್‌ದೆಲಿನ್ ಎಂಬ ಸಸ್ಯಾಹಾರಿ ಹೋಟೆಲಿನಲ್ಲಿ ಸೋಯಾದಿಂದಲೇ ಬಾತುಕೋಳಿ, ಮೀನಿನ ಆಕಾರ ಮಾಡಿ ಬಡಿಸುತ್ತಿದ್ದರು.

ನನಗೆ ಆ ಊರು ಅರ್ಥವಾಗಿದ್ದು ಗಲ್ಲಿಗಳಲ್ಲಿ. ಕಲ್ಲಿನ ಚೌಕಟ್ಟಿನ ಬಾಗಿಲು, ಒಳಗೆ ಪುಟ್ಟ ಅಂಗಳ, ಅದರ ಸುತ್ತ ಎರಡಂತಸ್ತು. ಶಿಕುಮೆನ್ ಎನ್ನುತ್ತಾರೆ. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯಲ್ಲಿ ನಮ್ಮ ಹಳೆಯ ವಠಾರದ ಹಾಗೆ ಐದಾರು ಸಂಸಾರ. ಅಡುಗೆಮನೆ ಎಲ್ಲರಿಗೂ ಒಂದೇ, ಆದರೆ ಸೂರಿನಿಂದ ಸಂಸಾರಕ್ಕೊಂದರಂತೆ ಬಲ್ಬು ನೇತಾಡುತ್ತಿದ್ದವು. ಅವರವರ ಕರೆಂಟಿಗೆ ಅವರವರೇ ದುಡ್ಡು ಕಟ್ಟಬೇಕಲ್ಲ! ಶೌಚಾಲಯವಿಲ್ಲದ ಮನೆಗಳವರು ಬೆಳಗಾದರೆ ಮರದ ಮಲದ ಡಬ್ಬಿಗಳನ್ನು ಹೊರಗಿಟ್ಟು ಬಿದಿರಿನ ಬ್ರಷ್ಷಿನಿಂದ ಉಜ್ಜುತ್ತಿದ್ದರು. ತಲೆಯ ಮೇಲೆ ಬಿದಿರು ಗಳಗಳಲ್ಲಿ ಬಟ್ಟೆ ಒಣಗುತ್ತಿತ್ತು. ಒಬ್ಬ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ, ಇಂಡಿಯಾದವನಾದರೆ ಪೇಟ ಎಲ್ಲಿ ಎಂದು ನಮ್ಮ ದುಭಾಷಿಯ ಮೂಲಕ ಕೇಳಿಸಿದರು. ಬ್ರಿಟಿಷರು ಶಾಂಘೈನಲ್ಲಿ ತಮ್ಮ ಹಿಡಿತದಲ್ಲಿದ್ದ ವಿದೇಶಿಯರ ಪ್ರದೇಶದ ಕಾವಲಿಗೆ ಸಿಖ್ ಪೊಲೀಸರನ್ನು ತಂದಿಟ್ಟಿದ್ದ ಕಾಲವನ್ನು ಚಿಕ್ಕ ಹುಡುಗಿಯಾಗಿ ಕಂಡವರು ಆಕೆ.

ಎಷ್ಟೋ ಗೋಡೆಗಳ ಮೇಲೆ ಸುಣ್ಣದಲ್ಲಿ ವೃತ್ತ ಬರೆದು ನಡುವೆ ಒಂದಕ್ಷರ ಬರೆದಿದ್ದರು. ಕೆಡವುವ ಗುರುತು ಅದು. ದುಭಾಷಿ ಹುಡುಗಿಯ ಮನೆಗೂ ಬಿದ್ದಿತ್ತು. ಅವಳಿಗೆ ಖುಷಿಯೇ, ನದಿಯಾಚೆಯ ಪುದೊಂಗ್ ಪ್ರದೇಶದಲ್ಲಿ ಸ್ವಂತ ಅಡುಗೆಮನೆ, ಸ್ವಂತ ಬಚ್ಚಲು ಸಿಗುತ್ತಿತ್ತು. ಅವಳಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಪುದೊಂಗಿನಲ್ಲಿ ಒಂದು ಮನೆಗಿಂತ ನದಿಯ ಈಚೆ ದಡದಲ್ಲಿ ಒಂದು ಮಂಚ ಮೇಲು ಎಂದು ಅಲ್ಲಿನವರು ಹೇಳುತ್ತಿದ್ದ ಕಾಲ. ಇಬ್ಬರ ಮಾತೂ ನನಗೆ ಸರಿ ಎನಿಸಿತು, ಇವತ್ತಿಗೂ ಹಾಗೇ ಎನಿಸುತ್ತದೆ.

ಚೀನಾ ರಾತ್ರೋರಾತ್ರಿ ಬದಲಾಯಿತು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪುದೊಂಗನ್ನು ಬೆಳೆಸುತ್ತೇವೆಂದು ಸರ್ಕಾರ 1990ರಲ್ಲೇ ಸಾರಿತ್ತು. ಅಲ್ಲಿಗೆ ನದಿ ದಾಟಲು 1991ರಲ್ಲಿ ನಾನ್‌ಪು ಸೇತುವೆ, 1993ರಲ್ಲಿ ಯಾಂಗ್‌ಪು ಸೇತುವೆ, ಅದೇ ವರ್ಷ ಮೆಟ್ರೊದ ಮೊದಲ ತುಂಡು. ಇಂದು ಎಲ್ಲರ ಫೋಟೊದಲ್ಲಿರುವ 468 ಮೀಟರಿನ ಓರಿಯೆಂಟಲ್ ಪರ್ಲ್ ಗೋಪುರ ಆಗ ಇನ್ನೂ ಏಳುತ್ತಿತ್ತು. ಗಗನಚುಂಬಿಗಳು ಸಾಲುಗಟ್ಟುವ ಮೊದಲು ದಾರಿ ಮಾಡಿಕೊಂಡರು. ನಮ್ಮ ನಗರಗಳಲ್ಲಿ ಕಟ್ಟಡ ಮೊದಲು, ರಸ್ತೆ ಆಮೇಲೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಆ ಗಲ್ಲಿಗಳ ರೂಪವನ್ನಾದರೂ ನೋಡಬೇಕೆಂದರೆ ಶಾಂಘೈನಲ್ಲೇ ಇರುವ ಶಿನ್‌ತಿಯಾಂದಿ ಎಂಬ ಕಡೆಗೆ ಹೋಗಿ. 1921ರಲ್ಲಿ ಕಮ್ಯುನಿಸ್ಟ್ ಪಕ್ಷದ ಮೊದಲ ಅಧಿವೇಶನ ಸೇರಿದ ಮನೆಯೂ ಅಲ್ಲೇ ಇದೆ. ಅಕ್ಕಪಕ್ಕದ ಮನೆಗಳು ಈಗ ಕೆಫೆ, ಬಟ್ಟೆ ಅಂಗಡಿಗಳಾಗಿವೆ. ಜನ ಇನ್ನೂ ವಾಸವಿರುವ ಗಲ್ಲಿಗಳೂ ಅಲ್ಲಲ್ಲಿ ಇವೆ, ಸ್ಥಳೀಯರೊಬ್ಬರನ್ನು ಜೊತೆ ಮಾಡಿಕೊಂಡು ಬೆಳಗ್ಗೆ ಬೇಗ ಹೊರಡಿ.